ಎಎಸ್‌ಪಿ ಹುದ್ದೆಯಿಂದ ಡಿಜಿ-ಐಜಿಪಿ ಹುದ್ದೆಯವರೆಗೆ: ರಾಜ್ಯದ ಪೊಲೀಸ್ ಮುಖ್ಯಸ್ಥರಾಗುವವರ ವೃತ್ತಿಜೀವನ ಹೇಗೆ ಸಾಗುತ್ತದೆ?

ಪದವಿ ಕಾಲೇಜು ಉಪನ್ಯಾಸಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ನಾಗರಿಕ ಸೇವಾ ಪರೀಕ್ಷೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ಪರೀಕ್ಷೆಯ ಬಗ್ಗೆ ನನಗಿಂತ ಚೆನ್ನಾಗಿ ತಿಳಿದುಕೊಂಡಿರುತ್ತಾರೆ. ಆದರೆ ಆಯ್ಕೆಯಾದ ಮೇಲಿನ ಮೂವತ್ತು ಮೂವತ್ತೈದು ವರ್ಷಗಳ ಬಗ್ಗೆ ಅವರಲ್ಲಿ ಸ್ಪಷ್ಟ ಚಿತ್ರವಿಲ್ಲ. ಕರ್ನಾಟಕದಲ್ಲಿ ಡಿಜಿ ಮತ್ತು ಐಜಿಪಿ (ಡೈರೆಕ್ಟರ್ ಜನರಲ್ ಮತ್ತು ಇನ್‌ಸ್ಪೆಕ್ಟರ್ ಜನರಲ್ ಆಫ್ ಪೊಲೀಸ್), ಅಂದರೆ ರಾಜ್ಯ ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಬರುವ ಅಧಿಕಾರಿ ಯಾವ ಯಾವ ಹಂತಗಳನ್ನು ದಾಟಿ ಬಂದಿರುತ್ತಾರೆ, ಕೊನೆಯ ಆಯ್ಕೆ ಸೇವಾ ಹಿರಿತನದ ಮೇಲೆ ನಡೆಯುತ್ತದೆಯೋ, ಸಾಮರ್ಥ್ಯದ ಮೇಲೆಯೋ ಅಥವಾ ಸರ್ಕಾರದ ಇಚ್ಛೆಯ ಮೇಲೆಯೋ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ವ್ಯಕ್ತಿಗಳ ಹೊಗಳಿಕೆ, ತೆಗಳಿಕೆ ಇಲ್ಲಿ ಬೇಡ. ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದಷ್ಟೇ ಸಾಕು.

ಸೇವಾ ನಿಯಮ ಓದುಗ

ಉಪನ್ಯಾಸಕರೇ, ಮೊದಲು ಹಂತಗಳನ್ನು ಹೇಳಿಬಿಡುತ್ತೇನೆ, ಏಕೆಂದರೆ ಈ ಭಾಗದಲ್ಲಿ ಗೊಂದಲಕ್ಕೆ ಕಾರಣವಿಲ್ಲ.

ಯುಪಿಎಸ್‌ಸಿ ಪರೀಕ್ಷೆಯಲ್ಲಿ ಐಪಿಎಸ್‌ಗೆ ಆಯ್ಕೆಯಾದವರು ಮಸ್ಸೂರಿಯ ಲಾಲ್ ಬಹದ್ದೂರ್ ಶಾಸ್ತ್ರಿ ಅಕಾಡೆಮಿಯಲ್ಲಿ ಇತರ ಸೇವೆಗಳವರೊಂದಿಗೆ ಆರಂಭಿಕ ತರಬೇತಿ ಮುಗಿಸಿ, ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿಗೆ ಹೋಗುತ್ತಾರೆ. ಈ ಅಕಾಡೆಮಿ 1948ರಲ್ಲಿ ಮೌಂಟ್ ಅಬುವಿನಲ್ಲಿ ಆರಂಭವಾಗಿ 1975ರಲ್ಲಿ ಹೈದರಾಬಾದಿಗೆ ಬಂತು. ಆ ಬಳಿಕ ತಮಗೆ ಹಂಚಿಕೆಯಾದ ರಾಜ್ಯದ ಒಂದು ಜಿಲ್ಲೆಯಲ್ಲಿ ಪ್ರಾಯೋಗಿಕ ತರಬೇತಿ ಇರುತ್ತದೆ. ಪ್ರೊಬೇಷನರಿ ಅಧಿಕಾರಿ ಅಲ್ಲಿ ಕೆಲ ಕಾಲ ಠಾಣೆಯ ಹೊಣೆಯನ್ನು ತಾವೇ ಹೊರುತ್ತಾರೆ. ಠಾಣಾ ದಿನಚರಿ ಬರೆಯುವುದು, ಎಫ್‌ಐಆರ್ ದಾಖಲಿಸುವುದು, ಮಹಜರು ಮಾಡುವುದು, ಆರೋಪಪಟ್ಟಿ ಸಿದ್ಧಪಡಿಸುವುದು ಇವೆಲ್ಲವನ್ನೂ ಅವರು ಕೈಯಾರೆ ಮಾಡಿ ಕಲಿಯುವುದು ಆಗಲೇ. ಮುಂದೆ ಠಾಣಾಧಿಕಾರಿಯಾಗಿ ಕೂರುವ ಅವಕಾಶ ಅವರಿಗೆ ಮತ್ತೆ ಬರುವುದಿಲ್ಲವಾದ್ದರಿಂದ ಈ ತಿಂಗಳುಗಳನ್ನು ಹಗುರವಾಗಿ ಕಳೆದವರಿಗೆ ಆ ಕೊರತೆ ಕೊನೆಯವರೆಗೂ ಉಳಿದುಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ.

ತರಬೇತಿ ಮುಗಿದ ಮೇಲೆ ಉಪವಿಭಾಗವೊಂದರಲ್ಲಿ ಎಎಸ್‌ಪಿ (ಸಹಾಯಕ ಪೊಲೀಸ್ ವರಿಷ್ಠಾಧಿಕಾರಿ) ಆಗಿ ಕೆಲಸ ಆರಂಭವಾಗುತ್ತದೆ. ಅಲ್ಲಿಂದ ಮುಂದಿನ ವೇತನ ಶ್ರೇಣಿಗಳಿಗೆ ವರ್ಷಗಳ ಲೆಕ್ಕವಿದೆ. ನಾಲ್ಕು ವರ್ಷಕ್ಕೆ ಹಿರಿಯ ವೇತನ ಶ್ರೇಣಿ, ಒಂಬತ್ತಕ್ಕೆ ಕಿರಿಯ ಆಡಳಿತ ಶ್ರೇಣಿ, ಹದಿಮೂರಕ್ಕೆ ಸೆಲೆಕ್ಷನ್ ಗ್ರೇಡ್. ಈ ಅವಧಿಯನ್ನೆಲ್ಲ ಎಸ್‌ಪಿ (ಪೊಲೀಸ್ ವರಿಷ್ಠಾಧಿಕಾರಿ) ದರ್ಜೆಯಲ್ಲಿ ಕಳೆಯುತ್ತಾರೆ. ಹದಿನಾಲ್ಕನೆಯ ವರ್ಷಕ್ಕೆ ಡಿಐಜಿ (ಡೆಪ್ಯುಟಿ ಇನ್‌ಸ್ಪೆಕ್ಟರ್ ಜನರಲ್), ಹದಿನೆಂಟಕ್ಕೆ ಐಜಿಪಿ, ಇಪ್ಪತ್ತೈದಕ್ಕೆ ಎಡಿಜಿಪಿ (ಹೆಚ್ಚುವರಿ ಡಿಜಿಪಿ), ಮೂವತ್ತಕ್ಕೆ ಡಿಜಿಪಿ. ಇವು ಅರ್ಹತೆಗೆ ಬೇಕಾದ ಕನಿಷ್ಠ ವರ್ಷಗಳು. ಹುದ್ದೆ ಖಾಲಿ ಇರಬೇಕು, ವಾರ್ಷಿಕ ಕಾರ್ಯನಿರ್ವಹಣಾ ವರದಿಗಳು ಚೆನ್ನಾಗಿರಬೇಕು, ಇಲಾಖಾ ವಿಚಾರಣೆ ಬಾಕಿ ಇರಬಾರದು. ಆರಂಭದ ಮೂಲ ವೇತನ ತಿಂಗಳಿಗೆ 56,100 ರೂಪಾಯಿ. ರಾಜ್ಯದ ಪೊಲೀಸ್ ಮುಖ್ಯಸ್ಥರದ್ದು 2,25,000 ರೂಪಾಯಿ.

ನಡುವೆ ಅಕಾಡೆಮಿಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಏಳರಿಂದ ಒಂಬತ್ತು ವರ್ಷ, ಹದಿನಾಲ್ಕರಿಂದ ಹದಿನಾರು ವರ್ಷ ಮತ್ತು ಇಪ್ಪತ್ನಾಲ್ಕರಿಂದ ಇಪ್ಪತ್ತಾರು ವರ್ಷ ಸೇವೆ ಮುಗಿಸಿದವರಿಗೆ ಪ್ರತ್ಯೇಕ ಮಧ್ಯಾವಧಿ ತರಬೇತಿಗಳಿವೆ.

ಹೆಗಲ ಮೇಲಿನ ನಕ್ಷತ್ರ

ಮೇಲಿನ ವಿವರಣೆಗೆ ಒಂದು ಮುಖ್ಯ ಮಾತು ಸೇರಿಸುತ್ತೇನೆ. ಡಿಜಿಪಿ ದರ್ಜೆ ಬೇರೆ, ರಾಜ್ಯ ಪೊಲೀಸ್ ಪಡೆಯ ಮುಖ್ಯಸ್ಥರ ಹುದ್ದೆ ಬೇರೆ. ಒಂದೇ ರಾಜ್ಯದಲ್ಲಿ ಒಂದೇ ಕಾಲಕ್ಕೆ ಹಲವರು ಡಿಜಿಪಿ ದರ್ಜೆಯಲ್ಲಿರಬಹುದು. ಒಬ್ಬರು ಸಿಐಡಿಯಲ್ಲಿ, ಇನ್ನೊಬ್ಬರು ಅಗ್ನಿಶಾಮಕ ಇಲಾಖೆಯಲ್ಲಿ, ಮತ್ತೊಬ್ಬರು ಕಾರಾಗೃಹ ಇಲಾಖೆಯಲ್ಲಿ ಇರುತ್ತಾರೆ. ಬೆಂಗಳೂರಿನ ನೃಪತುಂಗ ರಸ್ತೆಯ ಪ್ರಧಾನ ಕಚೇರಿಯಲ್ಲಿ ಕೂತು ಇಡೀ ಪಡೆಯನ್ನು ನಡೆಸುವವರು ಮಾತ್ರ ಒಬ್ಬರೇ, ಮತ್ತು ಅವರನ್ನೇ ನಮ್ಮಲ್ಲಿ ಡಿಜಿ ಮತ್ತು ಐಜಿಪಿ ಎನ್ನುತ್ತಾರೆ. ಹಿಂದೆ ಐಜಿಪಿಯೇ ರಾಜ್ಯದ ಪೊಲೀಸ್ ಮುಖ್ಯಸ್ಥರಾಗಿದ್ದರು. ಮೇಲೆ ಡಿಜಿ ಹುದ್ದೆ ಬಂದ ನಂತರವೂ ಹಳೆಯ ಪದನಾಮ ಜೊತೆಯಲ್ಲಿಯೇ ಉಳಿದುಕೊಂಡಿತು.

ಸಮವಸ್ತ್ರ ನೋಡಿ ಇದನ್ನು ಗುರುತಿಸಲು ಆಗುವುದಿಲ್ಲ. ಎಡಿಜಿಪಿ ಮತ್ತು ಡಿಜಿಪಿ ಇಬ್ಬರ ಹೆಗಲ ಮೇಲೂ ಅಡ್ಡಲಾಗಿಟ್ಟ ಖಡ್ಗ ಮತ್ತು ಬ್ಯಾಟನ್, ಅದರ ಮೇಲೆ ರಾಷ್ಟ್ರ ಲಾಂಛನ ಇರುತ್ತದೆ. ಐಜಿಪಿಗೆ ಲಾಂಛನದ ಬದಲು ಒಂದು ನಕ್ಷತ್ರ, ಡಿಐಜಿಗೆ ಲಾಂಛನ ಮತ್ತು ಮೂರು ನಕ್ಷತ್ರ.

ನಿವೃತ್ತ ಪೊಲೀಸ್ ಕಚೇರಿ ಸಿಬ್ಬಂದಿ

ವರ್ಷಗಳ ಲೆಕ್ಕವನ್ನು ಮೇಲಿನವರು ಸರಿಯಾಗಿಯೇ ಕೊಟ್ಟಿದ್ದಾರೆ, ಆದರೆ ಅದನ್ನಷ್ಟೇ ಓದಿದ ವಿದ್ಯಾರ್ಥಿಗೆ ವರ್ಷ ಕಳೆದಂತೆ ಎಲ್ಲರೂ ತಾವಾಗಿಯೇ ಮೇಲಕ್ಕೆ ಹೋಗುತ್ತಾರೆ ಎಂಬ ಭಾವನೆ ಬಂದೀತು. ದರ್ಜೆಯ ಮಟ್ಟಿಗೆ ಅದು ಬಹುಪಾಲು ನಿಜ. ಒಂದೇ ಬ್ಯಾಚಿನವರು, ಅಂದರೆ ಒಂದೇ ವರ್ಷದ ಆಯ್ಕೆಯವರು, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಡಿಐಜಿ ಆಗುತ್ತಾರೆ, ಒಂದೇ ಕಾಲಕ್ಕೆ ಐಜಿಪಿ ಆಗುತ್ತಾರೆ. ವ್ಯತ್ಯಾಸ ಕಾಣುವುದು ಹುದ್ದೆಯಲ್ಲಿ. ಇಲಾಖೆಯೊಳಗೆ ಎಲ್ಲರೂ ಬಳಸುವ ಮಾತಿನಲ್ಲಿ ಹೇಳುವುದಾದರೆ ಎಕ್ಸಿಕ್ಯೂಟಿವ್ ಹುದ್ದೆಗಳು ಮತ್ತು ನಾನ್ ಎಕ್ಸಿಕ್ಯೂಟಿವ್ ಹುದ್ದೆಗಳು ಎಂಬ ಎರಡು ಲೋಕಗಳಿವೆ.

ಜಿಲ್ಲಾ ಎಸ್‌ಪಿ, ನಗರದ ಡಿಸಿಪಿ, ವಲಯದ ಐಜಿಪಿ, ನಗರ ಪೊಲೀಸ್ ಕಮಿಷನರ್ ಇವು ಮೊದಲನೆಯ ಗುಂಪು. ತರಬೇತಿ ಶಾಲೆ, ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಪಡೆ, ಗೃಹರಕ್ಷಕ ದಳ, ಪೊಲೀಸ್ ಗೃಹ ನಿರ್ಮಾಣ ನಿಗಮ, ಸಂವಹನ ಮತ್ತು ಗಣಕ ವಿಭಾಗಗಳು, ಪ್ರಧಾನ ಕಚೇರಿಯ ಆಡಳಿತ ವಿಭಾಗ ಇವು ಎರಡನೆಯ ಗುಂಪು. ಇಬ್ಬರು ಅಧಿಕಾರಿಗಳು ಒಂದೇ ವೇತನ ಪಡೆಯುತ್ತ, ಒಂದೇ ಲಾಂಛನ ಧರಿಸಿಕೊಂಡು, ಒಬ್ಬರು ಹತ್ತು ವರ್ಷ ಜಿಲ್ಲೆಗಳಲ್ಲಿಯೂ ಇನ್ನೊಬ್ಬರು ಹತ್ತು ವರ್ಷ ಕಡತಗಳ ನಡುವೆಯೂ ಕಳೆಯುವುದು ಸಾಧ್ಯ. ಎರಡನೆಯದನ್ನು ಶಿಕ್ಷೆ ಎಂದು ತಿಳಿಯುವ ರೂಢಿ ಇಲಾಖೆಯಲ್ಲಿದೆ, ಮತ್ತು ವರ್ಗಾವಣೆಯನ್ನು ಶಿಕ್ಷೆಯಾಗಿ ಬಳಸುವುದೂ ಇದೆ. ಆದರೆ ನಾನು ಕಚೇರಿಯಲ್ಲಿ ಕೂತು ಕಂಡ ಮಟ್ಟಿಗೆ, ಉತ್ತಮ ಮುಖ್ಯಸ್ಥರಾದವರು ಎರಡೂ ಕಡೆ ಗಟ್ಟಿಯಾಗಿ ಕೆಲಸ ಮಾಡಿದವರೇ. ಪೇದೆಯ ವಸತಿಗೃಹದ ಚಾವಣಿ ಸೋರುವುದು, ಪದೋನ್ನತಿಯ ಕಡತ ವರ್ಷಗಟ್ಟಲೆ ನಿಲ್ಲುವುದು, ರಜೆ ಸಿಗದೆ ಸಿಬ್ಬಂದಿ ಬಳಲುವುದು ಇವು ಯಾಕೆ ಆಗುತ್ತವೆ ಎಂಬುದು ಜಿಲ್ಲೆಯ ಬಂದೋಬಸ್ತಿನಲ್ಲಿ ಓಡಾಡಿದವರಿಗಿಂತ ಆಡಳಿತ ವಿಭಾಗದಲ್ಲಿ ಕೂತವರಿಗೆ ಹೆಚ್ಚು ಅರ್ಥವಾಗುತ್ತದೆ. ಇಡೀ ಪಡೆಯ ಮುಖ್ಯಸ್ಥರ ಮುಂದೆ ದಿನವೂ ಬರುವುದು ಇಂಥ ಕಡತಗಳೇ.

ಸಾರ್ವಜನಿಕವಾಗಿ ತಿಳಿದಿರುವ ಒಂದು ಉದಾಹರಣೆ ಕೊಡುತ್ತೇನೆ. 1986ರ ಬ್ಯಾಚಿನ ಪ್ರವೀಣ್ ಸೂದ್ ಅವರು ದೆಹಲಿ ಐಐಟಿಯಲ್ಲಿ ಓದಿದವರು. ಮೈಸೂರಿನಲ್ಲಿ ಎಎಸ್‌ಪಿ ಆಗಿ ಆರಂಭಿಸಿ, ಬಳ್ಳಾರಿ ಮತ್ತು ರಾಯಚೂರಿನಲ್ಲಿ ಎಸ್‌ಪಿ ಆಗಿ, ನಡುವೆ ಮಾರಿಷಸ್ ಸರ್ಕಾರಕ್ಕೆ ಪೊಲೀಸ್ ಸಲಹೆಗಾರರಾಗಿ, ಮೈಸೂರಿನ ಕಮಿಷನರ್ ಆಗಿ, ಬೆಂಗಳೂರಿನಲ್ಲಿ ಸಂಚಾರ ವಿಭಾಗದ ಮುಖ್ಯಸ್ಥರಾಗಿ, ಪೊಲೀಸ್ ಗೃಹ ನಿರ್ಮಾಣ ನಿಗಮದಲ್ಲಿ, ಮುಂದೆ ಬೆಂಗಳೂರು ನಗರ ಕಮಿಷನರ್ ಆಗಿ, ಸಿಐಡಿಯಲ್ಲಿ ಕೆಲಸ ಮಾಡಿದ ನಂತರ 2020ರಲ್ಲಿ ಡಿಜಿ ಮತ್ತು ಐಜಿಪಿ ಆದರು. 2023ರ ಮೇ ತಿಂಗಳಲ್ಲಿ ಸಿಬಿಐ ನಿರ್ದೇಶಕರಾಗಿ ಹೋದರು. ಈ ಪಟ್ಟಿಯಲ್ಲಿ ಎರಡೂ ಲೋಕಗಳ ಹುದ್ದೆಗಳಿವೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಸರ್.

ವಕೀಲೆ, ಧಾರವಾಡ

ಕೊನೆಯ ಆಯ್ಕೆ ಹೇಗೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸರ್ವೋಚ್ಚ ನ್ಯಾಯಾಲಯದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿದೆ. ಉತ್ತರ ಪ್ರದೇಶ ಮತ್ತು ಅಸ್ಸಾಂ ರಾಜ್ಯಗಳಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದ, ಗಡಿ ಭದ್ರತಾ ಪಡೆಯನ್ನೂ ಮುನ್ನಡೆಸಿದ್ದ ಪ್ರಕಾಶ್ ಸಿಂಗ್ ಅವರು ನಿವೃತ್ತರಾದ ಮೇಲೆ 1996ರಲ್ಲಿ ಪೊಲೀಸ್ ಸುಧಾರಣೆಗಾಗಿ ಅರ್ಜಿ ಹಾಕಿದರು. ತೀರ್ಪು ಬಂದದ್ದು 2006ರ ಸೆಪ್ಟೆಂಬರ್ 22ರಂದು. ಅದರಲ್ಲಿ ಏಳು ನಿರ್ದೇಶನಗಳಿವೆ. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಒಂದು. ಸೇವೆಯ ಅವಧಿ, ಉತ್ತಮ ಸೇವಾ ದಾಖಲೆ ಮತ್ತು ಅನುಭವದ ವೈವಿಧ್ಯವನ್ನು ನೋಡಿ ಯುಪಿಎಸ್‌ಸಿ ಸಿದ್ಧಪಡಿಸುವ ಪಟ್ಟಿಯಲ್ಲಿನ ಅತ್ಯಂತ ಹಿರಿಯ ಮೂವರಲ್ಲಿ ಒಬ್ಬರನ್ನು ರಾಜ್ಯ ಸರ್ಕಾರ ಆರಿಸಬೇಕು, ಮತ್ತು ಆಯ್ಕೆಯಾದವರಿಗೆ ನಿವೃತ್ತಿಯ ದಿನಾಂಕ ಏನೇ ಇದ್ದರೂ ಕನಿಷ್ಠ ಎರಡು ವರ್ಷ ಅವಧಿ ಕೊಡಬೇಕು.

ಪಟ್ಟಿ ಮಾಡುವ ಸಮಿತಿಯಲ್ಲಿ ಯುಪಿಎಸ್‌ಸಿ ಅಧ್ಯಕ್ಷರು ಅಥವಾ ಸದಸ್ಯರೊಬ್ಬರು, ಕೇಂದ್ರ ಗೃಹ ಕಾರ್ಯದರ್ಶಿ, ರಾಜ್ಯದ ಮುಖ್ಯ ಕಾರ್ಯದರ್ಶಿ, ಹಾಲಿ ಡಿಜಿಪಿ ಮತ್ತು ಬೇರೆ ಕೇಡರಿಗೆ (ಅಂದರೆ ಬೇರೆ ರಾಜ್ಯಕ್ಕೆ ಹಂಚಿಕೆಯಾದ ಅಧಿಕಾರಿಗಳ ಗುಂಪಿಗೆ) ಸೇರಿದ ಕೇಂದ್ರ ಪಡೆಯೊಂದರ ಮುಖ್ಯಸ್ಥರು ಇರುತ್ತಾರೆ. ಅಂದರೆ ಮೊದಲ ಸೋಸುವಿಕೆ ರಾಜ್ಯದ ಕೈಯಲ್ಲಷ್ಟೇ ಇಲ್ಲ, ಕೊನೆಯ ಆಯ್ಕೆ ಮಾತ್ರ ರಾಜ್ಯದ್ದು. ಹಿರಿತನ, ದಾಖಲೆ, ಸರ್ಕಾರದ ಇಚ್ಛೆ ಮೂರಕ್ಕೂ ಇಲ್ಲಿ ಜಾಗವಿದೆ, ಆದರೆ ಈ ಕ್ರಮದಲ್ಲಿ.

ತೀರ್ಪು ಬಂದ ಮಾತ್ರಕ್ಕೆ ಅದು ಪಾಲನೆಯಾಯಿತು ಎಂದು ಯಾರೂ ಭಾವಿಸಬಾರದು. ಕೆಲವು ರಾಜ್ಯಗಳು ಪ್ರಭಾರ (ತಾತ್ಕಾಲಿಕ ಹೊಣೆಯ) ಡಿಜಿಪಿಗಳನ್ನು ಇಟ್ಟುಕೊಂಡು ವರ್ಷ ಕಳೆದವು. ಇನ್ನು ಕೆಲವು ರಾಜ್ಯಗಳು ತಮಗೆ ಬೇಕಾದ ಅಧಿಕಾರಿಯನ್ನು ನಿವೃತ್ತಿಯ ಕೊನೆಯ ದಿನ ನೇಮಿಸಿ, ಎರಡು ವರ್ಷದ ಭದ್ರತೆಯ ಹೆಸರಿನಲ್ಲಿ ಅರವತ್ತೆರಡು ವಯಸ್ಸಿನವರೆಗೆ ಮುಂದುವರಿಸಿದವು. ಸುಧಾರಣೆಗೆಂದು ಕೊಟ್ಟ ಆಸರೆಯನ್ನೇ ಸುಧಾರಣೆಯ ವಿರುದ್ಧ ಬಳಸಿದ ಈ ಬಗೆ ನನಗೆ ಅತ್ಯಂತ ನೋವಿನದಾಗಿ ಕಾಣುತ್ತದೆ. 2018ರ ಜುಲೈ 3ರಂದು ನ್ಯಾಯಾಲಯ ಪ್ರಭಾರ ನೇಮಕಗಳನ್ನು ನಿಷೇಧಿಸಿ, ಹಾಲಿ ಮುಖ್ಯಸ್ಥರ ನಿವೃತ್ತಿಗೆ ಕನಿಷ್ಠ ಮೂರು ತಿಂಗಳ ಮೊದಲೇ ಯುಪಿಎಸ್‌ಸಿಗೆ ಹೆಸರುಗಳನ್ನು ಕಳುಹಿಸಬೇಕೆಂದು ಹೇಳಿತು. 2019ರ ಮಾರ್ಚಿನಲ್ಲಿ, ಕನಿಷ್ಠ ಆರು ತಿಂಗಳ ಸೇವೆ ಉಳಿದಿರುವವರನ್ನು ಮಾತ್ರ ಪಟ್ಟಿಗೆ ಪರಿಗಣಿಸಬೇಕೆಂದು ಸ್ಪಷ್ಟಪಡಿಸಿತು.

ಕರ್ನಾಟಕ 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಭದ್ರತಾ ಆಯೋಗ, ಪೊಲೀಸ್ ದೂರು ಪ್ರಾಧಿಕಾರ ಮುಂತಾದವನ್ನು ಸೇರಿಸಿತು. ಅದೇ ವರ್ಷ ನಮ್ಮ ರಾಜ್ಯದ ಮುಖ್ಯಸ್ಥರ ನೇಮಕವೊಂದರ ವಿವಾದ ಕೇಂದ್ರ ಆಡಳಿತ ನ್ಯಾಯಮಂಡಳಿಗೂ ಉಚ್ಚ ನ್ಯಾಯಾಲಯಕ್ಕೂ ಹೋಗಿತ್ತು ಎಂಬುದು ಹಿರಿಯ ಓದುಗರಿಗೆ ನೆನಪಿರಬಹುದು.

ಪರೀಕ್ಷಾರ್ಥಿ, ಕಲಬುರಗಿ

ವಕೀಲರೇ, ತುಂಬ ಧನ್ಯವಾದಗಳು ಮೇಡಂ. ನನ್ನದೊಂದು ಪ್ರಶ್ನೆ. ನಾನು ಹಿಂದುಳಿದ ವರ್ಗಕ್ಕೆ ಸೇರಿದವನು, ಇಪ್ಪತ್ತೊಂಬತ್ತು ವಯಸ್ಸಾಗಿದೆ. ಮೂವತ್ತೊಂದಕ್ಕೆ ಸೇವೆಗೆ ಸೇರಿದರೆ ಮುಖ್ಯಸ್ಥರ ಹುದ್ದೆಯವರೆಗೆ ಹೋಗುವ ಸಾಧ್ಯತೆ ಇದೆಯೇ?

ಸೇವಾ ನಿಯಮ ಓದುಗ

ತಮ್ಮಾ, ಈ ಪ್ರಶ್ನೆಗೆ ನೇರ ಉತ್ತರ ಕೊಡುವುದೇ ನಿನಗೆ ಮಾಡುವ ಉಪಕಾರ. ನಿವೃತ್ತಿ ಅರವತ್ತಕ್ಕೆ. ಮೂವತ್ತೊಂದಕ್ಕೆ ಸೇರಿದವರಿಗೆ ಇಪ್ಪತ್ತೊಂಬತ್ತು ವರ್ಷ ಸೇವೆ ಸಿಗುತ್ತದೆ. ಡಿಜಿಪಿ ದರ್ಜೆಗೆ ಮೂವತ್ತು ಬೇಕು. ಆದ್ದರಿಂದ ಎಡಿಜಿಪಿ ದರ್ಜೆಯಲ್ಲಿ ನಿವೃತ್ತಿ ಎಂದು ಭಾವಿಸಿಕೊಳ್ಳುವುದೇ ಸರಿ. ಇದರಲ್ಲಿ ಯಾರ ಸಾಮರ್ಥ್ಯದ ಪ್ರಶ್ನೆಯೂ ಇಲ್ಲ.

ರಾಜ್ಯದ ಮುಖ್ಯಸ್ಥರಾದವರನ್ನು ನೋಡಿದರೆ ಬಹುಪಾಲು ಜನ ಇಪ್ಪತ್ತೆರಡರಿಂದ ಇಪ್ಪತ್ತೈದರ ಒಳಗೆ ಸೇವೆಗೆ ಸೇರಿದವರೇ ಆಗಿರುತ್ತಾರೆ. ಪರೀಕ್ಷೆಯ ವಯೋಮಿತಿ ಈಗ ಸಾಮಾನ್ಯ ವರ್ಗಕ್ಕೆ 32, ಹಿಂದುಳಿದ ವರ್ಗಗಳಿಗೆ 35, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ 37. ಮಿತಿಯನ್ನು ಸಡಿಲಿಸಿದ್ದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲಲ್ಲಿ ಕೊಟ್ಟ ಸಡಿಲಿಕೆ ಮೂವತ್ತು ವರ್ಷದ ಲೆಕ್ಕದಲ್ಲಿ ಇಲ್ಲದಿರುವುದರಿಂದ, ಹಳ್ಳಿಯಿಂದ ಬಂದು, ಮನೆಯ ಹೊಣೆ ಹೊತ್ತು, ತಡವಾಗಿ ಪರೀಕ್ಷೆ ಬರೆದು ಗೆದ್ದವರು ಅತ್ಯುನ್ನತ ಹುದ್ದೆಯ ಸ್ಪರ್ಧೆಯಿಂದ ಮೊದಲ ದಿನವೇ ಹೊರಗುಳಿಯುತ್ತಾರೆ. ಈ ವಿಷಯ ಪೊಲೀಸ್ ಸುಧಾರಣೆಯ ಚರ್ಚೆಗಳಲ್ಲಿ ಸಾಕಷ್ಟು ಬರುವುದಿಲ್ಲ ಎಂಬುದು ನನ್ನ ಬೇಸರ.

ಆದರೂ ಇದರಿಂದ ನಿನ್ನ ಪ್ರಯತ್ನಕ್ಕೆ ಅಡ್ಡಿಯಾಗಬಾರದು. ವಲಯದ ಐಜಿಪಿ, ಹುಬ್ಬಳ್ಳಿ-ಧಾರವಾಡ ಅಥವಾ ಮಂಗಳೂರಿನಂತಹ ನಗರದ ಕಮಿಷನರ್ ಹುದ್ದೆಗಳೆಲ್ಲ ನಿನ್ನ ಲೆಕ್ಕದೊಳಗೇ ಬರುತ್ತವೆ. ಬೆಂಗಳೂರು ನಗರ ಕಮಿಷನರ್ ಹುದ್ದೆಯೂ ಸಾಮಾನ್ಯವಾಗಿ ಎಡಿಜಿಪಿ ದರ್ಜೆಯದು.

ಪಿಎಸ್‌ಐ ಮಗಳು

ಈ ಚರ್ಚೆಯಲ್ಲಿ ಕೆಳಗಿನಿಂದ ಬರುವವರ ವಿಷಯ ಯಾರೂ ಎತ್ತಿಲ್ಲ. ಠಾಣೆಯನ್ನು ನಿಜವಾಗಿ ಬಲ್ಲವರು ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್), ಇನ್‌ಸ್ಪೆಕ್ಟರ್ ಮತ್ತು ಡಿವೈಎಸ್‌ಪಿ (ಡೆಪ್ಯುಟಿ ಎಸ್‌ಪಿ) ಹಂತದವರು. ಅವರಿಗೆ ಈ ದಾರಿ ಎಲ್ಲಿಯವರೆಗೆ ತೆರೆದಿದೆ?

ನಿವೃತ್ತ ಪೊಲೀಸ್ ಕಚೇರಿ ಸಿಬ್ಬಂದಿ

ಒಳ್ಳೆಯ ಪ್ರಶ್ನೆ ಕೇಳಿದಿರಿ, ತಾಯಿ. ಐಪಿಎಸ್‌ನ ಹಿರಿಯ ಕರ್ತವ್ಯ ಹುದ್ದೆಗಳಲ್ಲಿ ಮೂರನೆಯ ಒಂದು ಭಾಗ ರಾಜ್ಯ ಪೊಲೀಸ್ ಸೇವೆಯಿಂದ ಬಡ್ತಿ ಪಡೆದು ಬರುವವರಿಗೆ ಮೀಸಲು. ಡಿವೈಎಸ್‌ಪಿ ದರ್ಜೆಯಲ್ಲಿ ಕನಿಷ್ಠ ಎಂಟು ವರ್ಷ ಪೂರೈಸಿದವರನ್ನು ಯುಪಿಎಸ್‌ಸಿ ಪ್ರತಿನಿಧಿಯಿರುವ ಸಮಿತಿ ಪರಿಶೀಲಿಸುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಯಬೇಕಾಗುತ್ತದೆ. ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಮೂಲಕ ನೇರವಾಗಿ ಡಿವೈಎಸ್‌ಪಿ ಆದವರಿಗೆ ಐಪಿಎಸ್ ಸಿಗುವ ಹೊತ್ತಿಗೆ ನಡುವಯಸ್ಸು ದಾಟಿರುತ್ತದೆ. ಎಸ್‌ಪಿ ಆಗಿ ಜಿಲ್ಲೆ ನಡೆಸಿ, ಡಿಐಜಿ, ಅಪರೂಪಕ್ಕೆ ಐಜಿಪಿ ಆಗಿ ನಿವೃತ್ತರಾಗುತ್ತಾರೆ. ಪಿಎಸ್‌ಐ ಆಗಿ ಸೇರಿದವರು ಎಸ್‌ಪಿ ದರ್ಜೆ ಮುಟ್ಟುವುದೇ ದೊಡ್ಡ ಸಾಧನೆ. ಪೇದೆಯಾಗಿ ಸೇರಿದವರಲ್ಲಿ ಹೆಚ್ಚಿನವರು ಎಎಸ್‌ಐ ಹಂತದ ಆಸುಪಾಸಿನಲ್ಲಿ ಸೇವೆ ಮುಗಿಸುತ್ತಾರೆ. ಹಾಗಾಗಿ ಮುಖ್ಯಸ್ಥರ ಹುದ್ದೆ ಕಾರ್ಯತಃ ನೇರ ನೇಮಕಾತಿಯ ಐಪಿಎಸ್ ಅಧಿಕಾರಿಗಳದ್ದೇ.

ಇದನ್ನು ಬದಲಿಸಲು ಸಾಧ್ಯವಿರಲಿ, ಇಲ್ಲದಿರಲಿ, ಪ್ರತಿ ಮುಖ್ಯಸ್ಥರೂ ಠಾಣೆಯ ಮಾತನ್ನು ಕೇಳಿಸಿಕೊಳ್ಳುವ ಒಂದು ಕ್ರಮವನ್ನಾದರೂ ಇಟ್ಟುಕೊಳ್ಳಬೇಕು. ಅವರು ಠಾಣೆಯಲ್ಲಿ ಕಳೆದದ್ದು ಸ್ವಲ್ಪವೇ ಕಾಲ, ಅದೂ ಮೂವತ್ತು ವರ್ಷಗಳ ಹಿಂದೆ.

ಆಡಳಿತಶಾಸ್ತ್ರ ವಿದ್ಯಾರ್ಥಿ

ವಕೀಲೆ ಮೇಡಂ ಅವರ ಮಾತಿಗೆ ವಿನಯದಿಂದಲೇ ನನ್ನ ಭಿನ್ನಾಭಿಪ್ರಾಯ ಹೇಳುತ್ತೇನೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸ್ ರಾಜ್ಯ ಪಟ್ಟಿಯ ವಿಷಯ. ಗಲಭೆಯಾದರೆ ವಿಧಾನಸಭೆಯಲ್ಲಿ ಉತ್ತರ ಕೊಡಬೇಕಾದವರು ಮುಖ್ಯಮಂತ್ರಿ ಮತ್ತು ಗೃಹ ಸಚಿವರು, ಯುಪಿಎಸ್‌ಸಿ ಅಲ್ಲ. ಹಾಗಿರುವಾಗ ತಮಗೆ ನಂಬಿಕೆಯಿರುವ ಅಧಿಕಾರಿಯನ್ನು ಆರಿಸುವ ಅವಕಾಶವನ್ನು ಮೂರು ಹೆಸರಿಗೆ ಕಟ್ಟಿಹಾಕುವುದು ಸರಿಯೇ? ಉತ್ತರ ಪ್ರದೇಶ 2024ರಲ್ಲಿ ನಿವೃತ್ತ ಉಚ್ಚ ನ್ಯಾಯಾಲಯ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯ ಸಮಿತಿಯ ಮೂಲಕ ತಾನೇ ಆಯ್ಕೆ ಮಾಡುವ ನಿಯಮಗಳನ್ನು ರೂಪಿಸಿದ್ದು ಈ ವಾದದ ಮೇಲೆಯೇ.

ವಕೀಲೆ, ಧಾರವಾಡ

ನಿಮ್ಮ ವಾದದಲ್ಲಿ ಸತ್ವವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಉತ್ತರದಾಯಿತ್ವ ಚುನಾಯಿತ ಸರ್ಕಾರದ್ದೇ. ಆದರೆ ಪೊಲೀಸ್ ಮುಖ್ಯಸ್ಥರು ನಿಷ್ಠರಾಗಿರಬೇಕಾದದ್ದು ಸರ್ಕಾರಕ್ಕಿಂತ ಮೊದಲು ಕಾನೂನಿಗೆ. ಆಡಳಿತ ಪಕ್ಷದ ಶಾಸಕರ ಮೇಲೆ ದೂರು ಬಂದಾಗ ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರನ್ನು ಮರುದಿನ ಎತ್ತಂಗಡಿ ಮಾಡುವಂತೆ ಒತ್ತಡ ಬಂದರೆ, ಆಗುವುದಿಲ್ಲ ಎನ್ನಬಲ್ಲವರು ಆ ಕುರ್ಚಿಯಲ್ಲಿ ಇರಬೇಕು. ನಾಳೆ ತನ್ನನ್ನೇ ಎತ್ತಂಗಡಿ ಮಾಡಬಹುದು ಎಂಬ ಭಯವಿರುವವರು ಹಾಗೆ ಹೇಳುವುದು ಕಷ್ಟ. ಎರಡು ವರ್ಷದ ಭದ್ರತೆ ಇರುವುದು ಈ ಕಾರಣಕ್ಕೆ. ಮೂವರಲ್ಲಿ ಒಬ್ಬರನ್ನು ಆರಿಸುವ ಸ್ವಾತಂತ್ರ್ಯ ಸರ್ಕಾರಕ್ಕೆ ಉಳಿದೇ ಇದೆ. ಆ ಮೂವರೂ ಅದೇ ಸರ್ಕಾರದ ಕೆಳಗೆ ಮೂರು ದಶಕ ಕೆಲಸ ಮಾಡಿದವರು.

ನನ್ನ ಆತಂಕ ಬೇರೆಯದು. ಎರಡು ವರ್ಷದ ಭದ್ರತೆಯನ್ನು 2006ರ ತೀರ್ಪು ಮುಖ್ಯಸ್ಥರಿಗಷ್ಟೇ ಕೊಟ್ಟಿಲ್ಲ. ವಲಯದ ಐಜಿಪಿ ಮತ್ತು ಡಿಐಜಿ, ಜಿಲ್ಲೆಯ ಎಸ್‌ಪಿ, ಠಾಣಾಧಿಕಾರಿ ಇವರಿಗೂ ಕೊಟ್ಟಿದೆ. ನಾವೆಲ್ಲ ಡಿಜಿಪಿ ನೇಮಕದ ಬಗ್ಗೆ ಮಾತ್ರ ಚರ್ಚಿಸುತ್ತೇವೆ. ಜಿಲ್ಲೆಯಲ್ಲಿ ಆರೇಳು ತಿಂಗಳಿಗೊಮ್ಮೆ ಬದಲಾದ ಎಸ್‌ಪಿ ಮುಂದೆ ಎಂತಹ ಮುಖ್ಯಸ್ಥರಾಗುತ್ತಾರೆ? ಆ ವಯಸ್ಸಿನಲ್ಲಿ ಬಗ್ಗಲು ಕಲಿತವರಿಗೆ ಐವತ್ತೆಂಟರಲ್ಲಿ ನೆಟ್ಟಗೆ ನಿಲ್ಲಲು ಹೇಳಿಕೊಡುವವರು ಯಾರು? ಪೊಲೀಸ್ ಮುಖ್ಯಸ್ಥರನ್ನು ರೂಪಿಸುವುದು ಕೊನೆಯ ಪಟ್ಟಿಯಲ್ಲ, ಎಸ್‌ಪಿ ಆಗಿದ್ದಾಗಿನ ಹತ್ತು ವರ್ಷಗಳು.

ನಿವೃತ್ತ ಪೊಲೀಸ್ ಕಚೇರಿ ಸಿಬ್ಬಂದಿ

ಈ ಕೊನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ.

ಪಿಎಸ್‌ಐ ಮಗಳು

ಮಹಿಳೆಯರ ವಿಷಯವನ್ನೂ ದಾಖಲಿಸೋಣ. ಕಿರಣ್ ಬೇಡಿ ಅವರು ಐಪಿಎಸ್ ಸೇರಿದ್ದು 1972ರಲ್ಲಿ. ರಾಜ್ಯವೊಂದರ ಪೊಲೀಸ್ ಮುಖ್ಯಸ್ಥೆಯಾದ ಮೊದಲ ಮಹಿಳೆ ಕಾಂಚನ್ ಚೌಧರಿ ಭಟ್ಟಾಚಾರ್ಯ. ಅವರು 1973ರ ಬ್ಯಾಚಿನವರು, 2004ರಲ್ಲಿ ಉತ್ತರಾಖಂಡದ ಡಿಜಿಪಿ ಆದರು. ಕರ್ನಾಟಕದಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು, 1983ರ ಬ್ಯಾಚಿನ ನೀಲಮಣಿ ಎನ್. ರಾಜು ಅವರು, ಈ ಹುದ್ದೆಗೆ ಬಂದದ್ದು 2017ರ ಅಕ್ಟೋಬರ್ ಕೊನೆಯಲ್ಲಿ. 2020ರ ಜನವರಿ ಅಂತ್ಯದವರೆಗೆ, ಅಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ, ಅವರು ಮುಖ್ಯಸ್ಥರಾಗಿದ್ದರು. ಮೂವತ್ತು ವರ್ಷದ ಹಿಂದೆ ಎಷ್ಟು ಮಹಿಳೆಯರು ಸೇವೆಗೆ ಸೇರಿದ್ದರೋ ಅಷ್ಟರ ಪ್ರತಿಫಲನವನ್ನೇ ಇಂದು ಮೇಲಿನ ಹುದ್ದೆಗಳಲ್ಲಿ ಕಾಣುತ್ತೇವೆ. ಈಗ ಸೇರುತ್ತಿರುವವರ ಸಂಖ್ಯೆ ಹೆಚ್ಚಿದೆ. ಅವರಿಗೆ ಜಿಲ್ಲೆ ಮತ್ತು ತನಿಖೆಯ ಹುದ್ದೆಗಳು ಸಮಾನವಾಗಿ ಸಿಗುತ್ತಿವೆಯೇ ಎಂಬುದನ್ನು ಈಗಲೇ ಗಮನಿಸಬೇಕು.

ಪದವಿ ಕಾಲೇಜು ಉಪನ್ಯಾಸಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದೇ ವಿಷಯ ಕೇಳುತ್ತೇನೆ. ಈ ಲೆಕ್ಕಾಚಾರವನ್ನು ವಿದ್ಯಾರ್ಥಿಗಳೇ ಮಾಡಿ ನೋಡುವಂತೆ ಮಾಡಲು ಯಾವುದಾದರೂ ಸಾರ್ವಜನಿಕ ದಾಖಲೆ ಇದೆಯೇ?

ಸೇವಾ ನಿಯಮ ಓದುಗ

ಇದೆ, ಸರ್. ಕೇಂದ್ರ ಗೃಹ ಸಚಿವಾಲಯ ಐಪಿಎಸ್ ಅಧಿಕಾರಿಗಳ ಸಿವಿಲ್ ಲಿಸ್ಟನ್ನು ಪ್ರಕಟಿಸುತ್ತದೆ. ಅದರಲ್ಲಿ ಕೇಡರ್, ಬ್ಯಾಚ್, ಜನ್ಮ ದಿನಾಂಕ ಮತ್ತು ಹಾಲಿ ಹುದ್ದೆ ಇರುತ್ತವೆ. ಕರ್ನಾಟಕದ ಪುಟಗಳನ್ನು ತೆಗೆದು, ಪ್ರತಿ ಹೆಸರಿನ ಎದುರು ಮೂವತ್ತು ವರ್ಷ ಪೂರ್ಣವಾಗುವ ವರ್ಷವನ್ನೂ ಅರವತ್ತು ತುಂಬುವ ತಿಂಗಳನ್ನೂ ಬರೆಯಲು ಹೇಳಿ. ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಒಂದನೆಯ ತಾರೀಖು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಯ ದಿನ. ಮುಂದಿನ ನೇಮಕದ ಹೊತ್ತಿಗೆ ಆರು ತಿಂಗಳ ಸೇವೆ ಉಳಿದಿರುವವರು ಯಾರು, ಅವರಲ್ಲಿ ಅತ್ಯಂತ ಹಿರಿಯರು ಯಾರು ಎಂಬುದನ್ನು ವಿದ್ಯಾರ್ಥಿಗಳು ಒಂದು ತರಗತಿಯ ಅವಧಿಯಲ್ಲಿಯೇ ಕಂಡುಕೊಳ್ಳುತ್ತಾರೆ. ಅದೇ ಹೆಸರುಗಳನ್ನು ಹಳೆಯ ವರ್ಷಗಳ ಪಟ್ಟಿಗಳಲ್ಲಿಯೂ ಹುಡುಕಿಸಿದರೆ, ಪ್ರತಿಯೊಬ್ಬರೂ ಯಾವ ಹುದ್ದೆಯಲ್ಲಿ ಎಷ್ಟು ಕಾಲ ಇದ್ದರು ಎಂಬುದೂ ತಿಳಿಯುತ್ತದೆ. ವಕೀಲೆ ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಅಲ್ಲಿಂದಲೇ ಆರಂಭಿಸಬಹುದು.